ಎಯ್ಕಿಚಿಯವರ ಮೂಗಿನ ಪರೀಕ್ಷೆ

ಬಂದರೂರು ಹಕೊದಾತೆಯ ಮೀನುಪೇಟೆಯಲ್ಲಿ ಆಯುಷ್ಯ ಸವೆಸಿ ನಿವೃತ್ತರಾದ ತ್ಸುಕುದಾ ಎಯ್ಕಿಚಿಯವರಿಗೆ ಅಂದು ಬೆಳಿಗ್ಗೆ ಆದ ಅವಮಾನ ಸಾಮಾನ್ಯದ್ದಲ್ಲ. ಉಪ್ಪಿನಲ್ಲಿ ಹದಗೊಳಿಸಿದ ಬೊಂಡಾಸು (ಸ್ಕ್ವಿಡ್) ಮೀನಿನ ಬಾಟಲಿಗಳಲ್ಲಿ ರೋಗಾಣು ಸೇರಿರಬಹುದು, ಕೊಂಡವರು ತಿನ್ನದೆ ಹಿಂದಿರುಗಿಸಿ ಎಂದು ಕಂಪನಿಯವರು ಟಿವಿಯಲ್ಲಿ ಸಾಲಾಗಿ ನಿಂತು ನಡು ಬಗ್ಗಿಸಿ ಕ್ಷಮೆ ಕೇಳಿದರು. ಅದೇ ಬಾಟಲಿಯನ್ನು ಬಿಸಿ ಅನ್ನದ ಮೇಲೆ ಬಗ್ಗಿಸುತ್ತಿದ್ದ ಎಯ್ಕಿಚಿಯವರ ಕೈಯಿಂದ ಹೆಂಡತಿ ಫುಸಾಕೊ ಅದನ್ನು ಕಿತ್ತುಕೊಂಡರು.

“ಕೊಡೇ ಇಲ್ಲಿ! ಆ ಕಂಪನಿ ಪ್ರಯೋಗಾಲಯದ ಹುಡುಗರು ಹುಟ್ಟೋಕೆ ಮುಂಚೆನೇ ಈ ಮೂಗು ದೋಣಿಗಟ್ಟಲೆ ಮೀನು ಪಾಸು ಮಾಡಿದೆ.”

“ರೋಗಾಣುಗೆ ವಾಸನೆ ಇರಲ್ಲ ರೀ.”

“ನನ್ನ ಮೂಗಿಗೆ ಇರುತ್ತೆ!” (ವಿಜ್ಞಾನ ಇಲ್ಲಿ ತಲೆತಗ್ಗಿಸಿತು.) “ಕೆಟ್ಟದ್ದನ್ನ ಹಂಚಿದವನು ಟಿವಿಲಿ ಬಗ್ಗೋದಲ್ಲ ಕಣೇ, ಮನೆಮನೆಗೆ ಹೋಗಿ ಬಗ್ಗಬೇಕು!”

“ಹಾಗಾದ್ರೆ ಪರೀಕ್ಷೆ ಆಗ್ಲಿ. ಮೂಸೋದಷ್ಟೇ, ತಿನ್ನೋ ಹಾಗಿಲ್ಲ.”

ಫುಸಾಕೊ ಗಂಡನ ಕಣ್ಣಿಗೆ ಟವೆಲ್ ಕಟ್ಟಿ ಮೂರು ಬಟ್ಟಲು ಇಟ್ಟರು. ಮೊದಲನೆಯದು ಅಂಗಡಿಯಿಂದ ಆಗಷ್ಟೇ ತಂದ ಬೇರೆ ಕಂಪನಿಯದು. “ಪರವಾಗಿಲ್ಲ,” ಎಂದರು. ಎರಡನೆಯದು ಟಿವಿಯಲ್ಲಿ ಬಂದದ್ದೇ. “ಆಹಾ, ಅಮೃತ!” ಮೂರನೆಯದಕ್ಕೆ ಮುಖ ತಂದವರೇ ಹಾವು ಕಂಡಂತೆ ಹಿಂದಕ್ಕೆ ಹಾರಿದರು.

“ಇದೇ! ಇದೇ ರೋಗದ್ದು! ಥೂ, ಇದನ್ನ ಮಾಡಿದವನನ್ನ ಬಂದರಿಗೆ ಎಸೀಬೇಕು!”

ಫುಸಾಕೊ ಟವೆಲ್ ಬಿಚ್ಚಿದರು. ಮೂರನೆಯದು ವರ್ಷಾಂತ್ಯಕ್ಕೆ ಎಯ್ಕಿಚಿಯವರೇ ಸ್ವಹಸ್ತದಿಂದ ತಯಾರಿಸಿ ಬೀದಿಗೆಲ್ಲ ಉಡುಗೊರೆ ಕೊಟ್ಟ ಬೊಂಡಾಸಿನಲ್ಲಿ ಮನೆಗೆ ಉಳಿದದ್ದು.

ಫುಸಾಕೊ ಬಾಟಲಿಗಳನ್ನು ತುಂಬಿ ತರಲು ಖಾಲಿ ಐಸ್ ಪೆಟ್ಟಿಗೆಯನ್ನು ಬಾಗಿಲ ಬಳಿ ತಂದಿಟ್ಟರು.

“ಹೋಗ್ತೀನಿ!” ಎಂದು ಗುಡುಗಿದ ಎಯ್ಕಿಚಿಯವರು ಕೋಟು ತೊಟ್ಟು, ಟೈ ಕಟ್ಟಿ ಹೊರಟರು. ಹೊರಗೆ ಗತ್ತು; ಒಳಗೆ ಮಾತ್ರ, ಯಾರಾದರೂ ಹಾಸಿಗೆ ಹಿಡಿದಿದ್ದರೆ ಎಂಬ ಭಯ.

ಪಕ್ಕದ ಮನೆಯ ಹತಾಕೆಯಾಮಾ ಅಜ್ಜಿಯ ಮುಂದೆ ನೆಲ ಮುಟ್ಟುವಷ್ಟು ಬಗ್ಗಿದರು. “ಕ್ಷಮಿಸಿ. ನಾನು ಕೊಟ್ಟ ಬೊಂಡಾಸು ತಿಂದಿದ್ರೆ ದಯವಿಟ್ಟು ಡಾಕ್ಟರ ಹತ್ರ...”

“ಅಯ್ಯೋ, ಗಾಬರಿ ಬೇಡಿ ತ್ಸುಕುದಾ ಅವರೇ. ಅಷ್ಟು ಅಪರೂಪದ್ದನ್ನ ತೆಗೆಯೋಕೆ ಮನಸ್ಸೇ ಬರ್ಲಿಲ್ಲ,” ಎಂದು ಅಜ್ಜಿ ಮುಚ್ಚಳ ಬಿಚ್ಚದ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದರು.

ಎದುರುಮನೆಯವರಿಗೂ ಮನಸ್ಸು ಬಂದಿರಲಿಲ್ಲ. ಮೂಲೆಮನೆಯವರಿಗೂ. ಕೊನೆಯ ಮನೆಯವರಂತೂ ಬಾಗಿಲಲ್ಲೇ ಬೆಳಗಿದ ಮುಖದಿಂದ ಕೇಳಿದರು: “ಹೋದ ವರ್ಷದ್ದನ್ನೂ ತಗೊಂಡು ಹೋಗ್ತೀರಾ?”

ಪೆಟ್ಟಿಗೆ ಹೊರಲಾರದೆ ಹೊತ್ತು ತಂದ ಗಂಡನನ್ನು ಫುಸಾಕೊ ಆತಂಕದಿಂದ ಕೇಳಿದರು: “ಯಾರಾದ್ರೂ ತಿಂದಿದ್ರಾ?”

“ಒಬ್ಬರೂ ಇಲ್ಲ!” ಎಯ್ಕಿಚಿಯವರು ಟೈ ಸರಿಪಡಿಸಿಕೊಂಡು ಎದೆಯುಬ್ಬಿಸಿದರು. “ಒಂದು ಬಾಟಲಿನೂ ಬಿಡದೆ ಎಲ್ಲಾ ವಾಪಸ್ ಬಂತು. ಆ ಕಂಪನಿಯವರು ಹೀಗೆ ವಾಪಸ್ ತರಿಸಿಕೊಳ್ಳಲಿ ನೋಡೋಣ!”