ನಿದ್ದೆಗೆಟ್ಟ ಡ್ರ್ಯಾಗನ್

ಎರಡು ದಪ್ಪ ಪುಸ್ತಕಗಳಿಗೆ ಒಂದೇ ಬಗೆಯ ಕಂದು ಕಾಗದದ ರಟ್ಟು ಹಾಕಿಟ್ಟಿದ್ದೇ ಅವತ್ತಿನ ಅನಾಹುತಕ್ಕೆಲ್ಲ ಮೂಲವಾಯಿತು.

ಹಾಸಿಗೆ ಅಂಗಡಿಯ ದಿಂಬಣ್ಣ ಬಸ್ಸು ಹಿಡಿಯುವ ಅವಸರದಲ್ಲಿ ಊಟದ ಮೇಜಿನ ಮೇಲಿದ್ದ ಒಂದನ್ನು ಚೀಲಕ್ಕೆ ತುರುಕಿಕೊಂಡು ಬಂದಿದ್ದ. ಅಂಗಡಿ ಬಾಗಿಲು ತೆಗೆದು, ಧೂಳು ಹೊಡೆದು, ದೊಡ್ಡ ಮಂಚವೊಂದರ ಮರೆಯಲ್ಲಿ ಕೂತು ಬಿಡಿಸಿ ನೋಡಿದರೆ, ಮಾಯಾವಿಯೂ ರಾಜಕುಮಾರಿಯೂ ಇರಬೇಕಾದ ಪುಟದಲ್ಲಿ ‘ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಪಕ್ಕಕ್ಕಿಟ್ಟುಕೊಳ್ಳಿ’ ಎಂದಿತ್ತು. ಅದು ಹೆಂಡತಿಯ ಅಡುಗೆ ಪುಸ್ತಕ.

ದಿಂಬಣ್ಣ ಚೀಲವನ್ನೆಲ್ಲ ತಡಕಾಡಿದ, ಬೇರೆ ಪುಸ್ತಕ ಇರಲಿಲ್ಲ.

ದಿಂಬಣ್ಣ ಎಂಬುದು ಅಂಗಡಿಯವರು ಇಟ್ಟ ಹೆಸರು. ಗಿರಾಕಿಗಳಿಗೆ ದಿಂಬು ತೋರಿಸುವಾಗ ಅದನ್ನು ಎಳೆಗೂಸಿನಂತೆ ಎದೆಗವುಚಿಕೊಂಡು ಮಾತಾಡುವುದು ಅವನ ಅಭ್ಯಾಸ. ಫೋನಿನೊಳಗೆ ಮಾತ್ರ ಅವನಿಗೆ ಬೇರೆ ಹೆಸರಿತ್ತು: ಕಪ್ಪು ಗರುಡ. ‘ಮಾಯಾಲೋಕ ಓದುಗರ ಬಳಗ’ ಎಂಬ ಗ್ರೂಪಿನಲ್ಲಿ ಅವನು ಸದಸ್ಯ. ಡ್ರ್ಯಾಗನ್, ಮಂತ್ರದ ಕತ್ತಿ, ಮಾತಾಡುವ ಕಾಡು ಇರುವ ಕಾದಂಬರಿಗಳನ್ನು ಬಿಟ್ಟರೆ ಬೇರೇನನ್ನೂ ಓದದ, ಒಬ್ಬರ ಮುಖ ಒಬ್ಬರು ನೋಡಿರದ ಜನ ಅಲ್ಲಿ ಸೇರಿದ್ದರು. ದಿನಕ್ಕೊಬ್ಬರು ತಮಗೆ ತುಂಬ ಇಷ್ಟವಾದ ಸಾಲೊಂದನ್ನು ಪುಸ್ತಕದ ಹೆಸರಿನ ಜೊತೆ ಹಾಕಬೇಕು, ಅದೂ ಬೆಳಿಗ್ಗೆ ಹತ್ತರೊಳಗೆ. ಸರದಿ ತಪ್ಪಿಸಿದವರನ್ನು ಗ್ರೂಪಿನ ಯಜಮಾನ ‘ರಾಜಗುರು’ ಮುಲಾಜಿಲ್ಲದೆ ಹೊರಗೆ ಹಾಕುತ್ತಿದ್ದ.

ಅವತ್ತು ಕಪ್ಪು ಗರುಡನ ಸರದಿ.

ದಿನವಿಡೀ ಸ್ಪ್ರಿಂಗು, ಫೋಮು, ಗ್ಯಾರಂಟಿ ಎಂದು ಬಾಯಿ ಒಣಗಿಸಿಕೊಳ್ಳುವವನಿಗೆ, ತಾನು ಹೇಳಿದ್ದನ್ನು ಕೇಳಲು ಕಾದಿರುವ ಜನ ಇದ್ದದ್ದು ಅದೊಂದೇ ಕಡೆ. ಅದನ್ನು ಈರುಳ್ಳಿಯ ದೆಸೆಯಿಂದ ಕಳೆದುಕೊಳ್ಳುವುದೆಂದರೇನು? ಹೆಂಡತಿಗೆ ಫೋನು ಮಾಡಿದ. ಅವಳು ಕೆಲಸಕ್ಕೆ ಹೊರಟು ಬೀಗ ಹಾಕಿಯಾಗಿತ್ತು. ಓದಿದ್ದರಲ್ಲಿ ಒಂದು ಸಾಲಾದರೂ ನೆನಪಾದೀತೆಂದು ಕಣ್ಣು ಮುಚ್ಚಿದ. ಈರುಳ್ಳಿಯೇ ನೆನಪಾಯಿತು. ಹತ್ತು ಹೊಡೆಯುವುದಕ್ಕೆ ಇನ್ನೇನು ಬಂತು ಎನ್ನುವಾಗ, ಎದುರಿನ ಮಂಚದ ಮೇಲೆ ಮಡಿಸಿಟ್ಟಿದ್ದ ಹೊದಿಕೆಯನ್ನು ನೋಡುತ್ತ ಬೆರಳಿಗೆ ಬಂದದ್ದನ್ನು ಬರೆದು ಕಳಿಸಿಯೇಬಿಟ್ಟ:

‘ಬೆಂಕಿ ಉಗುಳುವವನಿಗೂ ರಾತ್ರಿ ಹೊದಿಸುವವರು ಒಬ್ಬರು ಬೇಕು.’ — ನಿದ್ದೆಗೆಟ್ಟ ಡ್ರ್ಯಾಗನ್, ಮೊದಲ ಭಾಗ.

‘ಮೊದಲ ಭಾಗ’ ಎಂದು ಯಾಕೆ ಸೇರಿಸಿದನೋ ಅವನಿಗೇ ಗೊತ್ತಿರಲಿಲ್ಲ. ಸುಳ್ಳಿಗೆ ಸ್ವಲ್ಪ ತೂಕ ಬರಲಿ ಎಂದಿರಬೇಕು.

ಕ್ಷಣದಲ್ಲಿ ಹೃದಯದ ಚಿತ್ರಗಳು ಉದುರತೊಡಗಿದವು. ‘ಎಂಥಾ ಮಾತು! ಕಣ್ಣಲ್ಲಿ ನೀರು ಬಂತು’ ಎಂದಳು ಹಿಮಕನ್ಯೆ. ‘ಇದುವರೆಗೆ ಬಂದ ಸಾಲುಗಳಲ್ಲೇ ಇದು ಮೇಲು’ ಎಂದ ರಾಜಗುರು. ದಿಂಬಣ್ಣ ಉಬ್ಬಿಹೋದ. ಅಷ್ಟರಲ್ಲಿ ಒಂಟಿಕೊಂಬು ಎಂಬಾತ ಬರೆದ: ‘ಆಹಾ, ಈ ಪುಸ್ತಕ ನಾನು ಕಾಲೇಜಿನಲ್ಲಿದ್ದಾಗ ಓದಿದ್ದೆ. ಕೊನೆಯಲ್ಲಿ ಆ ಕುದುರೆ ಸಾಯುತ್ತಲ್ಲ, ಎರಡು ದಿನ ಊಟ ಸೇರಿರಲಿಲ್ಲ.’

ದಿಂಬಣ್ಣ ಕಣ್ಣುಜ್ಜಿಕೊಂಡು ಮತ್ತೆ ಓದಿದ. ಯಾವ ಕುದುರೆ?

“ದಿಂಬಣ್ಣಾ!” ಎಂದು ಮಾಲೀಕರ ದನಿ ಹಿಂದಿನಿಂದ ಸಿಡಿಯಿತು. “ಗಿರಾಕಿ ಮಲಗಿ ನೋಡ್ತೀನಿ ಅಂತ ಮಲಗಿ ಎಷ್ಟೊತ್ತಾಯ್ತು? ಅವರಿಗೆ ನಿದ್ದೆ ಹತ್ತಿದೆ. ಇನ್ನು ಅವರನ್ನ ಎಬ್ಬಿಸೋರು ಯಾರು, ನಾನಾ?”

ನಿಜಕ್ಕೂ ಮೂರನೇ ಮಂಚದ ಮೇಲೆ ದಪ್ಪನೆಯ ಗಿರಾಕಿಯೊಬ್ಬರು ಗೊರಕೆ ಹೊಡೆಯುತ್ತಿದ್ದರು. ಮಾಲೀಕರು ದಿಂಬಣ್ಣನ ಕೈಯಿಂದ ಫೋನು ಕಿತ್ತುಕೊಂಡು ಗಲ್ಲಾದ ಹತ್ತಿರ ಕೂತಿದ್ದ ಕ್ಯಾಷಿಯರ್ ಅಕ್ಕನ ಮುಂದಿಟ್ಟರು. “ಅಂಗಡಿ ಮುಚ್ಚೋವರೆಗೆ ಇದನ್ನ ಕೊಟ್ರೆ ನೋಡಿ.”

ಅಕ್ಕ ಒಳ್ಳೆಯ ಹೆಂಗಸು. ಆದರೆ ಪಕ್ಕದವರ ಪಾತ್ರೆಯಲ್ಲಿ ಕುದಿಯುವುದನ್ನು ಸೌಟು ಹಾಕಿ ತಿರುವದೆ ಅವಳ ಕೈ ಸುಮ್ಮನಿರದು. ದಿಂಬಣ್ಣನ ಫೋನಿಗೆ ಬೀಗವೂ ಇರಲಿಲ್ಲ. ಅದು ಗುಂಯ್ಗುಟ್ಟಿದಾಗಲೆಲ್ಲ ಅವಳು ಕನ್ನಡಕ ಏರಿಸಿ ನೋಡಿ, ಅಂಗಡಿಯ ಆ ತುದಿಗೆ ಕೇಳುವಂತೆ ಸುದ್ದಿ ಹೇಳತೊಡಗಿದಳು.

“ದಿಂಬಣ್ಣಾ, ಎರಡನೇ ಭಾಗ ಅಷ್ಟು ಚೆನ್ನಾಗಿಲ್ವಂತೆ!”

ದಿಂಬಣ್ಣ ದಂಪತಿಗಳಿಬ್ಬರಿಗೆ ಸ್ಪ್ರಿಂಗ್ ಹಾಸಿಗೆಯ ಗುಣಗಾನ ಮಾಡುತ್ತಿದ್ದ. “ಎರಡನೇ ಭಾಗ ಅಂದ್ರೆ? ಇದು ಎರಡು ತುಂಡಾಗಿ ಬರುತ್ತಾ?” ಎಂದು ಹೆಂಡತಿ ಅನುಮಾನಪಟ್ಟಳು.

“ಇಲ್ಲಮ್ಮ, ಒಂದೇ ತುಂಡು. ಅದು ಬೇರೆ ವಿಷಯ.”

“ದಿಂಬಣ್ಣಾ, ಡ್ರ್ಯಾಗನ್‌ಗೆ ಮದುವೆ ಆಯ್ತಂತೆ! ಹಿಮಕನ್ಯೆ ಹೇಳ್ತಿದಾಳೆ. ಒಂಟಿಕೊಂಬು ಒಪ್ತಾ ಇಲ್ಲ. ಇಬ್ಬರಿಗೂ ಜಗಳ!”

ಗಂಡ ಹೆಂಡತಿಯ ಕೈ ಹಿಡಿದು ಮೆಲ್ಲಗೆ ಬಾಗಿಲ ಕಡೆ ಹೆಜ್ಜೆ ಹಾಕಿದ.

ಮಧ್ಯಾಹ್ನ ಮಾಲೀಕರು ಊಟಕ್ಕೆ ಹೋದದ್ದೇ ತಡ, ದಿಂಬಣ್ಣ ಗಲ್ಲಾದತ್ತ ಓಡಿದ. ಗ್ರೂಪಿನಲ್ಲಿ ಒಂದು ರಾಜ್ಯವೇ ಎದ್ದು ನಿಂತಿತ್ತು. ಡ್ರ್ಯಾಗನ್ನಿಗೆ ತಾಯಿ ಇದ್ದಳು, ಮಲತಮ್ಮನಿದ್ದ, ಸತ್ತ ಕುದುರೆಗೆ ಒಂದು ಹೆಸರಿತ್ತು. ‘ನಾನು ಅದನ್ನು ಎರಡು ಸಲ ಓದಿದ್ದೇನೆ’ ಎಂದು ರಾಜಗುರುವೇ ಬರೆದಿದ್ದ. ಒಬ್ಬರು ಓದಿದ್ದನ್ನು ತಾನು ಓದಿಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಎಲ್ಲಕ್ಕಿಂತ ಕೆಳಗೆ ಕಪ್ಪು ಗರುಡನ ಹೆಸರಿನಲ್ಲೇ ಒಂದು ಉತ್ತರ ಹೋಗಿತ್ತು: ‘ಆಗಲಿ.’

“ಅಕ್ಕಾ, ಈ ‘ಆಗಲಿ’ ಬರೆದಿದ್ದು ಯಾರು?”

“ನಾನೇ ಕಣಪ್ಪ. ‘ಪುಸ್ತಕ ನಿಮ್ಮ ಹತ್ರ ಇದೆ, ಸಂಜೆ ವಿಡಿಯೋದಲ್ಲಿ ಮೊದಲ ಅಧ್ಯಾಯ ಓದಿ ತೋರಿಸ್ತೀರಾ’ ಅಂತ ಅಷ್ಟು ಜನ ಕೇಳ್ತಿದ್ರು. ಉತ್ತರ ಕೊಡದೆ ಇದ್ರೆ ನಿನ್ನ ಬಗ್ಗೆ ಏನಂದ್ಕೋತಾರೆ ಅಂತ...”

ದಿಂಬಣ್ಣ ಅಲ್ಲೇ ಇದ್ದ ದಿಂಬಿನ ರಾಶಿಯ ಮೇಲೆ ಕುಸಿದ. ಹಾಸಿಗೆ ಸಾಗಿಸುವ ವ್ಯಾನಿನ ಡ್ರೈವರ್ ನೀರು ತಂದುಕೊಟ್ಟ. ಇಬ್ಬರ ಮುಂದೆಯೂ ದಿಂಬಣ್ಣ ಇದ್ದದ್ದನ್ನು ಇದ್ದಹಾಗೆ ಹೇಳಿದ. ಅಂಥ ಪುಸ್ತಕವೇ ಈ ಲೋಕದಲ್ಲಿಲ್ಲ.

“ಪುಸ್ತಕ ಬಾವಿಗೆ ಬಿತ್ತು ಅಂದ್ಬಿಡಿ,” ಎಂದ ಡ್ರೈವರ್.

“ಅಂಗಡಿಯಲ್ಲಿ ಬಾವಿ ಎಲ್ಲಿಂದ ಬರ್ಬೇಕೋ?” ಎಂದು ಅವನ ಬಾಯಿ ಮುಚ್ಚಿಸಿ ಅಕ್ಕ ಹೇಳಿದಳು, “ಒಂದು ಅಧ್ಯಾಯ ತಾನೇ ಕೇಳಿರೋದು? ಬರೆದ್ಬಿಡು. ಒಂದು ಸಾಲು ಬರೆದೋನಿಗೆ ನಾಲ್ಕು ಹಾಳೆ ಬರೆಯೋಕಾಗಲ್ವಾ?”

“ಓದೋದಷ್ಟೇ ಗೊತ್ತು ನಂಗೆ. ಬರೆಯೋಕೆಲ್ಲಿ ಬರುತ್ತೆ ಅಕ್ಕಾ?”

“ಹಾಸಿಗೆ ಮಾರ್ತಾ ಎಷ್ಟು ಕತೆ ಕಟ್ಟಿಲ್ಲ ನೀನು!”

ಬೇರೆ ದಾರಿ ಇರಲಿಲ್ಲ. ಅಚ್ಚು ತಪ್ಪಿ ಮೂಲೆಗೆ ಬಿದ್ದಿದ್ದ ಗ್ಯಾರಂಟಿ ಕಾಗದಗಳ ಹಿಂಬದಿಯಲ್ಲಿ ದಿಂಬಣ್ಣ ಬರೆಯಲು ಕೂತ. ಮೊದಲ ಸಾಲಿಗೇ ಬೆವರಿದ. ಆಮೇಲೆ ಬೆಟ್ಟದ ಗವಿಯೊಂದು ಕಂಡಿತು. ಅದರೊಳಗೆ ವರ್ಷಗಳಿಂದ ಕಣ್ಣು ಮುಚ್ಚದ ಡ್ರ್ಯಾಗನ್. ಎಲ್ಲರೂ ಅದಕ್ಕೆ ಹೆದರುವವರೇ, ಹತ್ತಿರ ಬಂದು ‘ಯಾಕೆ ನಿದ್ದೆ ಬರ್ತಿಲ್ಲ?’ ಎಂದು ಕೇಳಿದವರೇ ಇಲ್ಲ. ಒಂದು ದಿನ ಹೊದಿಕೆ ನೇಯುವ ಹುಡುಗಿಯೊಬ್ಬಳು ದಾರಿ ತಪ್ಪಿ ಗವಿಗೆ ಬಂದು, ಹೆದರಿ ಓಡುವ ಬದಲು ಟೇಪು ತೆಗೆದು ಅದರ ಬಾಲದಿಂದ ಅಳತೆ ಹಿಡಿಯತೊಡಗಿದಳು.

ಬರೆಯುತ್ತ ಬರೆಯುತ್ತ ಅವನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಪಕ್ಕದ ಮಂಚದ ಮೇಲೆ ಬೆನ್ನುನೋವಿನ ಹಾಸಿಗೆ ಪರೀಕ್ಷಿಸಲು ಮಲಗಿದ್ದ ಅಜ್ಜಿಯೊಬ್ಬರು ತಲೆ ಎತ್ತಿದರು.

“ಆಮೇಲೆ ಏನಾಯ್ತಪ್ಪ?”

“ಇನ್ನೂ ಬರೀತಾ ಇದೀನಿ ಅಜ್ಜಿ.”

“ಬರಿ, ಬರಿ. ನಂಗೇನೂ ಅವಸರ ಇಲ್ಲ,” ಎಂದು ಅಜ್ಜಿ ಮಗ್ಗುಲಾಗಿ ಕೆನ್ನೆಗೆ ಕೈ ಕೊಟ್ಟು ಮಲಗಿದರು.

ಮಾಲೀಕರು ಊಟ ಮುಗಿಸಿ ಬಂದಾಗ ಅಜ್ಜಿ ಏಳಲು ಒಪ್ಪಲಿಲ್ಲ. “ಹುಡುಗಿ ಅಳತೆ ಮುಗಿಸ್ಲಿ, ಆಮೇಲೆ ಏಳ್ತೀನಿ” ಎಂದುಬಿಟ್ಟರು. ಯಾವ ಹುಡುಗಿ, ಯಾವ ಅಳತೆ ಎಂದು ಮಾಲೀಕರಿಗೆ ತಲೆಬುಡ ತಿಳಿಯಲಿಲ್ಲ. ಅಕ್ಕ ವಿವರಿಸಿದಳು. ಅವರು ಗ್ಯಾರಂಟಿ ಕಾಗದದ ಹಿಂಬದಿ ತಿರುಗಿಸಿ ನಾಲ್ಕು ಸಾಲು ಓದಿ, ಇದ್ದಲ್ಲೇ ಇಟ್ಟು ಕುರ್ಚಿಗೆ ಹೋದರು. ಬೈಗುಳ ಈಗ ಬಂತು, ಆಗ ಬಂತು ಎಂದುಕೊಳ್ಳುತ್ತಲೇ ದಿಂಬಣ್ಣ ತಲೆ ತಗ್ಗಿಸಿ ಬರೆದ.

ಸಂಜೆ ಷಟರ್ ಅರ್ಧ ಇಳಿಯಿತು. ಫೋನನ್ನು ದಿಂಬುಗಳ ನಡುವೆ ನಿಲ್ಲಿಸಿದರು. ಅಕ್ಕ, ಡ್ರೈವರ್ ಎರಡು ಬದಿಯಲ್ಲಿ ಕಾವಲು ನಿಂತರು. ಮಾಲೀಕರು ದೂರದಲ್ಲಿ ಬೆನ್ನು ತಿರುಗಿಸಿ ಕೂತು ಲೆಕ್ಕ ನೋಡುವವರಂತೆ ನಟಿಸಿದರು.

ಪರದೆಯ ಮೇಲೆ ಬಳಗದ ಮುಖಗಳು ಮೊದಲ ಸಲ ಕಂಡವು. ರಾಜಗುರು ತಲೆಗೆ ಮಫ್ಲರ್ ಸುತ್ತಿಕೊಂಡು ಮೂಗು ಒರೆಸಿಕೊಳ್ಳುತ್ತಿದ್ದ ಸಣಕಲ ಮನುಷ್ಯ. ಹಿಮಕನ್ಯೆ ಒಲೆಯ ಮುಂದೆ ಬೆವರುತ್ತ ನಿಂತಿದ್ದ ದೊಡ್ಡಮ್ಮ. ಒಂಟಿಕೊಂಬು ಕ್ಷೌರದಂಗಡಿಯ ಕುರ್ಚಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ.

ದಿಂಬಣ್ಣ ಓದಿದ. ಮೊದಲು ಹಾಳೆಯಿಂದ ತಲೆ ಎತ್ತಲಿಲ್ಲ. ಹುಡುಗಿ ಗವಿಯೊಳಗೆ ಬಂದ ಮೇಲೆ ಎದುರಿನ ಮುಖಗಳನ್ನು ನೋಡುತ್ತಲೇ ಓದಿದ. ಅವಳು ಅಳತೆ ಮುಗಿಸಿ, ‘ನಾಳೆ ಬರ್ತೀನಿ, ಅಲ್ಲೀವರೆಗೆ ಬೆಂಕಿ ಆರಿಸ್ಕೋ’ ಎಂದು ಗದರಿಸಿ ಹೋಗುವಲ್ಲಿಗೆ ಅಧ್ಯಾಯ ಮುಗಿಯಿತು. ಡ್ರೈವರ್ ಮೂಗು ಸೆಳೆದುಕೊಂಡ. ಫೋನಿನಲ್ಲಿ ಕ್ಷೌರಿಕ ಕತ್ತಿ ಎತ್ತಿ ಹಿಡಿದೇ ನಿಂತಿದ್ದ.

ರಾಜಗುರು ಗಂಟಲು ಸರಿಮಾಡಿಕೊಂಡ. “ಕಪ್ಪು ಗರುಡ ಅವರೇ, ಇದು ಮೂಲದಲ್ಲಿ ಹೀಗಿಲ್ಲ.”

“ಅಂದ್ರೆ?”

“ಮೂಲದಲ್ಲಿ ನೇಕಾರ ಹುಡುಗಿ ಬರೋದೇ ಇಲ್ಲ. ನಾನು ಎರಡು ಸಲ ಓದಿದೀನಿ.”

“ಹೌದು,” ಎಂದಳು ಹಿಮಕನ್ಯೆ. “ಮೊದಲ ಅಧ್ಯಾಯದಲ್ಲಿ ಮದುವೆ ಮಾತುಕತೆ ಇರೋದು.”

“ಕುದುರೆ ಎಲ್ಲಿ? ಕುದುರೇನೇ ಬಿಟ್ಟಿದೀರಲ್ರೀ!” ಎಂದು ಒಂಟಿಕೊಂಬು ಎದ್ದು ನಿಂತ. ನೊರೆ ಫೋನಿನ ಮೇಲೆ ಸಿಡಿಯಿತು.

ದಿಂಬಣ್ಣನಿಗೆ ಇನ್ನು ಸಾಕೆನಿಸಿತು. ಕೈ ಮುಗಿದ. “ನನ್ನನ್ನ ಕ್ಷಮಿಸಿ. ಅಂಥ ಪುಸ್ತಕ ಇಲ್ಲ. ಬೆಳಿಗ್ಗೆ ಹಾಕಿದ ಸಾಲೂ ನಂದೇ, ಈಗ ಓದಿದ್ದೂ ನಂದೇ. ಸರದಿ ತಪ್ಪಬಾರದು ಅಂತ ಸುಳ್ಳು ಹೇಳಿದೆ.”

ಕಟ್ಟೆ ಒಡೆಯಿತು.

“ಎಷ್ಟು ಧೈರ್ಯ! ಯಾರೋ ಮಹಾನುಭಾವರು ಬರೆದಿದ್ದನ್ನ ನಂದು ಅಂತೀರಾ?” ಎಂದಳು ಹಿಮಕನ್ಯೆ.

“ಹಾಗಾದ್ರೆ ನಾನು ಎರಡು ದಿನ ಊಟ ಬಿಟ್ಟಿದ್ದು ಸುಳ್ಳಾ?”

“ಕೃತಿಚೋರರಿಗೆ ಈ ಬಳಗದಲ್ಲಿ ಜಾಗ ಇಲ್ಲ,” ಎಂದು ರಾಜಗುರು ಮಫ್ಲರ್ ಬಿಗಿಮಾಡಿಕೊಂಡು ತೀರ್ಪಿತ್ತ. ಪರದೆ ಕಪ್ಪಾಯಿತು. ‘ನಿಮ್ಮನ್ನು ಈ ಗ್ರೂಪಿನಿಂದ ತೆಗೆಯಲಾಗಿದೆ’ ಎಂಬ ಸಾಲೊಂದು ಉಳಿಯಿತು.

ಮೂಲೆಯಿಂದ ಮಾಲೀಕರು ಕೆಮ್ಮಿದರು.

“ಅಲ್ಲಯ್ಯಾ, ಅಷ್ಟು ದೊಡ್ಡ ಪ್ರಾಣಿಗೆ ಒಂದೇ ದಿನದಲ್ಲಿ ಹೊದಿಕೆ ನೇಯೋಕಾಗುತ್ತಾ? ನಾಳೆ ಬರ್ತೀನಿ ಅಂದ್ಳಲ್ಲ, ಬರ್ತಾಳಾ?”

“ಗೊತ್ತಿಲ್ಲ ಸಾರ್.”

“ಗೊತ್ತಿಲ್ಲ ಅಂದ್ರೆ? ನಾನು ಇವತ್ತು ನಿದ್ದೆ ಮಾಡೋದು ಬೇಡ್ವಾ?” ಎಂದು ಗದರಿಸಿ, ಷಟರ್ ಎಳೆಯಲು ಹೇಳಿ ಅವರು ಹೊರಟುಹೋದರು.

ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಇದ್ದ ಒಂದು ಗ್ರೂಪೂ ಹೋಯಿತಲ್ಲ ಎಂದು ದಿಂಬಣ್ಣ ಮಂಕಾಗಿ ಕೂತಿರುವಾಗ ಫೋನಿಗೆ ಒಂದು ಆಹ್ವಾನ ಬಂತು. ಆಗತಾನೇ ಹುಟ್ಟಿದ ಹೊಸ ಗ್ರೂಪು, ಹೆಸರು ‘ನಿದ್ದೆಗೆಟ್ಟ ಡ್ರ್ಯಾಗನ್ ಅಭಿಮಾನಿ ಬಳಗ’. ಗುರುತು ಪರಿಚಯವಿಲ್ಲದ ಯಾರೋ ಕಂಡಕಂಡವರಿಗೆಲ್ಲ ಕಳಿಸಿದ್ದರು. ಸೇರಬೇಕೆನ್ನುವವರು ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಡ್ರ್ಯಾಗನ್ನಿನ ತಾಯಿಯ ಹೆಸರೇನು? ಕುದುರೆ ಸತ್ತದ್ದು ಹೇಗೆ? ಮದುವೆ ನಡೆದದ್ದು ಎಷ್ಟನೇ ಅಧ್ಯಾಯದಲ್ಲಿ?

ದಿಂಬಣ್ಣ ಪ್ರಾಮಾಣಿಕವಾಗಿ ಬರೆದ: ಅದು ಅನಾಥ ಡ್ರ್ಯಾಗನ್. ಕುದುರೆ ಇಲ್ಲ. ಮದುವೆ ಇನ್ನೂ ಆಗಿಲ್ಲ.

ಮುಂದಿನ ನಿಲ್ದಾಣ ಬರುವುದರೊಳಗೆ ಉತ್ತರ ಬಂತು. ‘ಮೂರೂ ತಪ್ಪು. ನೀವು ಪುಸ್ತಕವನ್ನು ಓದಿಯೇ ಇಲ್ಲವೆಂದು ಕಾಣುತ್ತದೆ. ಮೊದಲಿನಿಂದ ಕೊನೆಯವರೆಗೆ ಸರಿಯಾಗಿ ಓದಿಕೊಂಡು ಮತ್ತೆ ಪ್ರಯತ್ನಿಸಿ.’

ದಿಂಬಣ್ಣ ಅದನ್ನು ಎರಡು ಸಲ ಓದಿದ. ಪಕ್ಕದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ನಕ್ಕ. ಅವರು ಹೇಳುವುದೂ ಸರಿಯೇ, ಆ ಪುಸ್ತಕವನ್ನು ಕೊನೆಯವರೆಗೆ ಓದಬೇಕೆಂದು ಅವನಿಗೂ ತುಂಬ ಆಸೆಯಾಗಿತ್ತು. ಅದಕ್ಕೆ ಮೊದಲು ಯಾರಾದರೂ ಕೂತು ಬರೆಯಬೇಕಿತ್ತು, ಅಷ್ಟೇ.

ಫೋನಿನಲ್ಲಿ ಖಾಲಿ ಪುಟವೊಂದನ್ನು ತೆರೆದು ಅವನು ‘ಅಧ್ಯಾಯ ಎರಡು’ ಎಂದು ಬರೆದ.