ಹಿಂದಿನ ಕೋಣೆಯ ಫ್ರೀಜರಿಗೆ, ಕ್ರಿಸ್‌ಮಸ್ ಮುಂಗಡವಾಗಿ ಕರಗಿದ ಬಗ್ಗೆ

ಪರಮ ಶೀತಲ ಹೃದಯದ ಶ್ರೀಮಾನ್ ಫ್ರೀಜರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಹಿಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟು ನಿಂತು, ಹಗಲು ರಾತ್ರಿಯೆನ್ನದೆ ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿರುವ ತಮ್ಮ ನಾಲ್ಕೂ ಪಾದಗಳಿಗೆ, ಅದರಲ್ಲೂ ಗಿಡ್ಡವಾದ ಕಾರಣ ನನ್ನ ಹಳೆಯ ಚಪ್ಪಲಿಯ ಅಟ್ಟೆಯ ಮೇಲೆ ಊರಿಕೊಂಡಿರುವ ಹಿಂದಿನ ಎಡಪಾದಕ್ಕೆ, ನಮ್ಮ ಮನೆಮಂದಿಯೆಲ್ಲರ ವಂದನೆಗಳು. ತಾವು ಈಗ ಕ್ಷೇಮವೆಂದು ರಿಪೇರಿಯವರು ಹೇಳಿ ಹೋಗಿದ್ದಾರೆ. ನಾವೂ ಕ್ಷೇಮ, ಹೊಟ್ಟೆ ಮಾತ್ರ ಇನ್ನೂ ಸ್ವಲ್ಪ ಭಾರ. ಮನೆಯೊಳಗಿನ ಮಾತನ್ನು ಹೀಗೆ ಬೀದಿಗೆ ತರುತ್ತಿರುವುದಕ್ಕೆ ಬೇಸರಿಸಬಾರದು. ಖಾಸಗಿಯಾಗಿ ಎರಡು ಸಲ ಹೇಳಿ ನೋಡಿದೆ, ಎರಡು ಸಲವೂ ತಾವು ಗುಂಯ್ ಎಂದಿರಿ.

ತಾವು ನಮ್ಮ ಮನೆಗೆ ಯಾಕೆ ಬಂದಿರೆಂಬುದು ತಮಗೇ ತಿಳಿದಿರಲಾರದು. ಕ್ರಿಸ್‌ಮಸ್ ಮಧ್ಯಾಹ್ನ ನಮ್ಮ ಊಟದ ಮೇಜಿನ ಸುತ್ತ ಹಾಕುವ ಕುರ್ಚಿಗಳಲ್ಲಿ ಅಡುಗೆಮನೆಯ ಬಾಗಿಲಿಗೆ ಹತ್ತಿರದ್ದು ನನ್ನ ಹೆಂಡತಿಯದು. ಮದುವೆಯಾದಂದಿನಿಂದ ಈ ಸಲದವರೆಗೆ ಹಬ್ಬದ ದಿನ ಆ ಕುರ್ಚಿಯ ಮೇಲೆ ಆಕೆ ಕೂತಿದ್ದನ್ನು ಕಂಡವರಿಲ್ಲ. ಸೂಪು ಒಲೆಯ ಮೇಲೆ, ಕೋಳಿ ಓವನ್ನಿನೊಳಗೆ, ಆಕೆ ಎರಡರ ನಡುವೆ. ನಾವೆಲ್ಲ ತಿಂದು ಬೆರಳು ನೆಕ್ಕುವ ಹೊತ್ತಿಗೆ ಆಕೆ ಸಿಂಕಿನ ಪಕ್ಕ ನಿಂತು, ಆರಿದ ಕೋಳಿಯ ಕತ್ತನ್ನು ಚೀಪುತ್ತಿರುತ್ತಾಳೆ. ಕುರ್ಚಿಯನ್ನು ಖಾಲಿ ಬಿಡಬಾರದೆಂದು ಬಂದವರು ತಮ್ಮ ಕೋಟುಗಳನ್ನು ಅದರ ಮೇಲೆ ಒಟ್ಟುತ್ತಾರೆ. ತಾವು ಬರುವ ಮುಂಚಿನ ಕ್ರಿಸ್‌ಮಸ್‌ನಲ್ಲಿ ಹೊಸಬರೊಬ್ಬರು ಅಲ್ಲಿ ಕೂರಲು ಹೋದಾಗ ನಮ್ಮ ಮಗಳು ತಡೆದು, ಅದು ಕೋಟಿನ ಕುರ್ಚಿ, ಅಲ್ಲಿ ಮನುಷ್ಯರು ಕೂರೋದಿಲ್ಲ ಎಂದು ವಿವರಿಸಿದಳು. ಮಗು ಸತ್ಯವನ್ನೇ ನುಡಿಯಿತು. ಅದು ಅಡುಗೆಮನೆಯವರೆಗೂ ಕೇಳಿಸಿತು.

ಅಂದು ಸಂಜೆ ತಟ್ಟೆ ಒರೆಸುತ್ತಾ ನನ್ನ ಹೆಂಡತಿ ಹೇಳಿದ್ದಿಷ್ಟು: "ಮುಂದಿನ ಸಲ ನಾನೂ ಕೂತ್ಕೊಂಡು, ಬಿಸಿಬಿಸಿಯಾಗಿ, ನಿಮ್ಮ ಜೊತೆಗೇ ತಿಂತೀನಿ. ಅದಕ್ಕೆ ಏನೇನು ಬೇಕೋ ಎಲ್ಲ ಮುಂಚೇನೇ ಮಾಡಿಡ್ತೀನಿ."

ಆ 'ಮುಂಚೆ' ಎಂಬುದು ಆಗಸ್ಟ್ ತಿಂಗಳು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕಿಟಕಿಯ ಬಳಿ ನಾನು ಕೂತು ಪತ್ರಿಕೆ ಓದುತ್ತಿದ್ದ ಬೆತ್ತದ ಕುರ್ಚಿಯನ್ನು ಮಹಡಿ ಮೆಟ್ಟಿಲ ಕೆಳಗೆ ತಳ್ಳಿ, ಇಬ್ಬರು ಹೊತ್ತು ತಂದ ತಮ್ಮನ್ನು ಅಲ್ಲಿ ಪ್ರತಿಷ್ಠಾಪಿಸಲಾಯಿತು. ನನ್ನ ಹೆಂಡತಿ ಔಷಧದ ಗೋದಾಮಿನ ಮೇಲ್ವಿಚಾರಕಿ ಎಂಬುದನ್ನು ತಾವು ಅಂದೇ ಅರಿತಿರಿ. ಗೋದಾಮಿನಲ್ಲಿ ಮೊದಲು ಹೊರಗೆ ಹೋಗಬೇಕಾದದ್ದು ಮೇಲಿರಬೇಕಂತೆ, ಕೊನೆಗೆ ಹೋಗುವುದು ತಳದಲ್ಲಿ. ಹಾಗಾಗಿ ತಮ್ಮ ತಳದಲ್ಲಿ ಕೇಕು ಮಲಗಿತು, ಅದರ ಮೇಲೆ ಬ್ರೆಡ್ಡು, ಅದರ ಮೇಲೆ ಬೇಯಿಸಿದ ಕೋಳಿ, ಅದರ ಮೇಲೆ ಸೂಪಿನ ಡಬ್ಬಿಗಳು. ಪುಡಿಂಗು ಮಾತ್ರ ನಲುಗೀತೆಂದು ನಿಯಮ ಮೀರಿ ಎಲ್ಲಕ್ಕಿಂತ ಮೇಲೆ, ಮುಚ್ಚಳದ ಹತ್ತಿರ ಸಿಂಹಾಸನವೇರಿತು. ಪ್ರತಿಯೊಂದನ್ನೂ ಒಳಗಿಡುವ ಮುನ್ನ ಆಕೆ ತನ್ನ ಪುಟ್ಟ ಚಮಚದಲ್ಲಿ ರುಚಿ ನೋಡುತ್ತಿದ್ದಳು. ಹಿಡಿ ಬಾಗಿದ ಆ ಚಮಚವನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿಲ್ಲ. ರುಚಿ ನೋಡಿದ ಮೇಲೆ ಮುಚ್ಚಳ ಹಾಕಿದರೆ ಮುಗಿಯಿತು. ಕ್ರಿಸ್‌ಮಸ್‌ವರೆಗೆ ಯಾರೂ ತೆರೆಯಬಾರದೆಂದು ಆಜ್ಞೆ.

ನನ್ನ ಅತ್ತೆ, ಎಂದರೆ ಆಕೆಯ ತಾಯಿ, ತಮ್ಮನ್ನು ಮೊದಲ ಸಲ ಕಂಡಾಗ ಮೂಗಿನ ಮೇಲೆ ಬೆರಳಿಟ್ಟು, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋ ಜಾತಿ ನೀನು ಎಂದು ಮಗಳನ್ನು ಛೇಡಿಸಿದರು. ಅದಕ್ಕೆ ನನ್ನ ಹೆಂಡತಿ ಕೈಯಲ್ಲಿದ್ದ ಡಬ್ಬಿ ಕೆಳಗಿಡದೆ ಕೊಟ್ಟ ಉತ್ತರವನ್ನು ಯಥಾವತ್ತಾಗಿ ಕೊಡುತ್ತೇನೆ, ಯಾಕೆಂದರೆ ಇದರ ಮೇಲೆ ಈವರೆಗೆ ಯಾವ ಪಾದ್ರಿಯೂ ಬೆಳಕು ಚೆಲ್ಲಿದ್ದನ್ನು ನಾನು ಕೇಳಿಲ್ಲ: "ಅಮ್ಮಾ, ಈ ಹಬ್ಬ ಇರೋದೇ ಒಂದು ಕೂಸು ಹುಟ್ಟಿದ್ದಕ್ಕೆ. ಅವತ್ತು ಯಾರಾದ್ರೂ ಮುಂಚೆ ಒಂದು ಕೋಣೆ ಗೊತ್ತುಮಾಡಿದ್ದಿದ್ರೆ ಆ ತಾಯಿ ದನದ ಕೊಟ್ಟಿಗೇಲಿ ಯಾಕೆ ಮಲಗ್ಬೇಕಿತ್ತು?" ಅತ್ತೆ ಅಂದಿನಿಂದ ಗಾದೆ ಹೇಳುವುದನ್ನು ನಿಲ್ಲಿಸಿ ಆಲೂಗಡ್ಡೆ ಸುಲಿಯತೊಡಗಿದರು.

ತಮ್ಮ ಆಳ್ವಿಕೆಯ ವೈಭವವನ್ನು ಎಷ್ಟು ಹೊಗಳಿದರೂ ಕಡಿಮೆ. ಸೆಪ್ಟೆಂಬರಿನಲ್ಲಿ ಉಡುಗೊರೆಗಳಿಗೆ ಬಣ್ಣದ ಕಾಗದ ಸುತ್ತಿ ಆಯಿತು. ಮಗಳಿಗೆಂದು ಹೆಣೆದ ಸ್ವೆಟರು ಕಾಗದದೊಳಗೆ ತಾಳ್ಮೆಯಿಂದ ಕಾದಿತು, ಆದರೆ ಮಗಳು ಕಾಯದೆ ಬೆಳೆದಳು. ಈಗ ಅದರ ತೋಳು ಮೊಣಕೈಗೆ ಬಂದು ನಿಲ್ಲುತ್ತದೆ. ಅಕ್ಟೋಬರಿನಲ್ಲಿ ನಕ್ಷತ್ರದ ದೀಪ ಉರಿಯುವುದೋ ಇಲ್ಲವೋ ಎಂದು ಪರೀಕ್ಷಿಸಲು ಬಾಲ್ಕನಿಗೆ ಕಟ್ಟಿದಾಗ, ಎದುರು ಮನೆಯ ಕ್ಷೌರಿಕರು ದಿನ ತಪ್ಪಿಹೋಯಿತೇನೋ ಎಂದು ಹೆದರಿ ಕ್ಯಾಲೆಂಡರು ನೋಡಿದರಂತೆ. ಇಷ್ಟೆಲ್ಲ ಸಂಭ್ರಮದ ನಡುವೆ ನಾವು ಊಟಕ್ಕೆ ಬೇಯಿಸಿದ ಆಲೂಗಡ್ಡೆಯನ್ನೇ ತಿಂದೆವು. ಒಳ್ಳೆಯದೆಲ್ಲ ತಮ್ಮ ಹೊಟ್ಟೆ ಸೇರಿತ್ತು. ಮನೆಗೆ ಬಂದವರಿಗೆ ತಮ್ಮ ದರ್ಶನ ಮಾಡಿಸಿ, ಮುಚ್ಚಳದ ಮೇಲೆ ಕೈಯಿಡಿಸಿ, ಒಂದು ಲೋಟ ನೀರು ಕೊಟ್ಟು ಕಳಿಸುತ್ತಿದ್ದೆವು.

ಇನ್ನು ದೂರಿಗೆ ಬರುತ್ತೇನೆ. ಹಬ್ಬ ಇನ್ನೇನು ಬಾಗಿಲಿಗೆ ಬಂತು ಎನ್ನುವಾಗ, ಒಂದು ಭಾನುವಾರ ಬೆಳಿಗ್ಗೆ ನಾನು ಹಿಂದಿನ ಕೋಣೆಗೆ ಕಾಲಿಟ್ಟರೆ ಕಾಲುಚೀಲ ಒದ್ದೆಯಾಯಿತು. ತಾವು ಅಂದು ಗುಂಯ್ ಎನ್ನುತ್ತಿರಲಿಲ್ಲ. ತಮ್ಮ ಬುಡದಿಂದ ಹೊರಟ ಸಣ್ಣದೊಂದು ಹೊಳೆ ನನ್ನ ಬೆತ್ತದ ಕುರ್ಚಿಯನ್ನು ಹುಡುಕಿಕೊಂಡು ಮೆಟ್ಟಿಲ ಕಡೆಗೆ ಹರಿದಿತ್ತು. ನನ್ನ ಹೆಂಡತಿ ಬಂದಳು, ಮುಚ್ಚಳ ಎತ್ತಿದಳು, ಬೆರಳಿನಿಂದ ಕೋಳಿಯನ್ನು ಒತ್ತಿ ನೋಡಿದಳು. ಇನ್ನೂ ತಣ್ಣಗಿದೆ, ಕೆಟ್ಟಿಲ್ಲ, ಆದರೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ, ಅದು ಗೋದಾಮಿನ ನಿಯಮ ಎಂದು ಮೆಲ್ಲಗೆ ಹೇಳಿ, ತಮ್ಮ ಪಕ್ಕದಲ್ಲಿ ಆ ನೀರಿನಲ್ಲೇ ನಿಂತಳು. ಆಗಸ್ಟಿನಿಂದ ಡಿಸೆಂಬರಿನವರೆಗೆ ಕಟ್ಟಿದ ಒಂದು ಮಧ್ಯಾಹ್ನದ ಊಟ ಕಣ್ಣೆದುರೇ ತೊಟ್ಟಿಕ್ಕುತ್ತಿತ್ತು. ನಾನು ನೆಲ ಒರೆಸುವ ಬಟ್ಟೆ ಹುಡುಕಲು ಹೊರಟೆ. ದಾರಿ ತೋಚಿದ್ದು ಅತ್ತೆಯವರಿಗೆ.

"ಹಾಗಾದ್ರೆ ಇವತ್ತೇ ಹಬ್ಬ ಕಣೇ. ಎಲ್ಲರನ್ನೂ ಕರಿ."

ಕರೆಯಲಾಯಿತು. ಮೇಲಿನ ಮನೆಯ ಟೈಲರು ಕೊರಳಲ್ಲಿ ಅಳತೆಯ ಟೇಪು ಸಮೇತ ಇಳಿದು ಬಂದರು, ಅವರ ಹಿಂದೆ ಅವರ ಇಡೀ ಸಂಸಾರ. ಕ್ಷೌರಿಕರು ಅರ್ಧ ಗಡ್ಡ ತೆಗೆದಿದ್ದ ಗಿರಾಕಿಯನ್ನೂ ಕೈ ಹಿಡಿದು ಕರೆತಂದರು. ಕೋಳಿ ಟೈಲರರ ಓವನ್ನಿಗೆ, ಸೂಪು ಕ್ಷೌರಿಕರ ಒಲೆಗೆ, ಬ್ರೆಡ್ಡು ನಮ್ಮ ಒಲೆಗೆ ಹೋಯಿತು. ಯಾವುದು ಮೊದಲು ಕರಗಿತೋ ಅದನ್ನೇ ಮೊದಲು ತಿನ್ನಬೇಕಾದ್ದರಿಂದ ನಾವು ಪುಡಿಂಗಿನಿಂದ ಆರಂಭಿಸಿ ಸೂಪಿಗೆ ಬಂದೆವು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಏನಾದರೂ ಕೆಲಸವಿದೆಯೇ ಎಂದು ಹುಡುಕಿದಳು. ಇರಲಿಲ್ಲ, ಎಲ್ಲವನ್ನೂ ಆಗಸ್ಟಿನಿಂದಲೇ ಮಾಡಿ ಮುಗಿಸಿಬಿಟ್ಟಿದ್ದಳು. ಆಗ ನಮ್ಮ ಮಗಳು ಅಮ್ಮನ ಸೆರಗು ಜಗ್ಗಿ ಕುರ್ಚಿಯ ಕಡೆ ತೋರಿಸಿದಳು. ಮುಂಚೆ ಹೇಳಿ ಕರೆಸಿದ್ದರೆ ಕೋಟು ತೊಟ್ಟು ಬರುತ್ತಿದ್ದ ಜನ, ಹಠಾತ್ತನೆ ಕರೆದದ್ದರಿಂದ ಚಪ್ಪಲಿ ಮೆಟ್ಟಿಕೊಂಡು ಹಾಗೇ ಬಂದಿದ್ದರು. ಕುರ್ಚಿ ಖಾಲಿಯಿತ್ತು.

ಆಕೆ ಕೂತಳು. ಟೈಲರು ಮೇಲಿನಿಂದ ಹಬೆಯಾಡುವ ಕೋಳಿ ತಂದು ಮೊದಲು ಆಕೆಯ ತಟ್ಟೆಗೇ ಹಾಕಿದರು. ಎಲ್ಲರೂ ಆಕೆಯನ್ನೇ ನೋಡುತ್ತಿದ್ದೆವು. ಆಕೆ ಒಂದು ತುತ್ತು ಬಾಯಿಗಿಟ್ಟು, ಬಿಸಿ ತಡೆಯಲಾರದೆ ಕಣ್ಣಲ್ಲಿ ನೀರು ತಂದುಕೊಂಡು (ಬಿಸಿಗೇ ಎಂದು ನಾನು ನಂಬಿದ್ದೇನೆ), ಉಪ್ಪು ಸ್ವಲ್ಪ ಕಡಿಮೆಯಾಗಿದೆ ಎಂದಳು.

ನಿಜವಾದ ಕ್ರಿಸ್‌ಮಸ್ ದಿನ ನಮ್ಮ ಮನೆಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಪ್ರಾರ್ಥನೆ ಮುಗಿಸಿ ಬಂದು ಮೊಟ್ಟೆ ಬೇಯಿಸಿಕೊಂಡು ತಿಂದೆವು. ಅಂದೂ ಆಕೆ ಕೂತೇ ತಿಂದಳು, ಎರಡನೆಯ ಮೊಟ್ಟೆಗೆ ನನ್ನನ್ನೇ ಎಬ್ಬಿಸಿದಳು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳೆಂದರೆ: ತಾವು ಪ್ರತಿ ವರ್ಷವೂ ಇದೇ ಹೊತ್ತಿಗೆ ತಪ್ಪದೆ ಕೆಡಬೇಕು. ಕೆಡುವ ದಿನವನ್ನು ಮಾತ್ರ ನನ್ನ ಹೆಂಡತಿಗೆ ಯಾವ ಕಾರಣಕ್ಕೂ ಮುಂಗಡವಾಗಿ ತಿಳಿಸಬಾರದು, ತಿಳಿದರೆ ಆಕೆ ಅದಕ್ಕೂ ಆಗಸ್ಟಿನಿಂದಲೇ ತಯಾರಿ ನಡೆಸಿ ಜನರಿಗೆ ಕೋಟು ತೊಡಿಸುತ್ತಾಳೆ. ಕೆಡುವಾಗ ನೀರನ್ನು ಮೆಟ್ಟಿಲ ಕಡೆಗಲ್ಲದೆ ಗಿಡದ ಕುಂಡಗಳ ಕಡೆಗೆ ಹರಿಸಿದರೆ ಇನ್ನೂ ಉಪಕಾರ. ಉಳಿದ ಹನ್ನೊಂದು ತಿಂಗಳು ತಾವು ಕಿಟಕಿಯಿಂದ ಒಂದು ಮೊಳ ಸರಿದು ಕೂತರೆ ನನಗೂ ಪತ್ರಿಕೆ ಓದಲು ಬೆಳಕು ಸಿಕ್ಕೀತು. ಬೇಗ ನಿರ್ಧರಿಸಿ, ಹೊಸ ವರ್ಷದ ಮೊದಲ ವಾರ ಮುಗಿದಿಲ್ಲ, ಆಕೆ ಆಗಲೇ ತಮ್ಮ ಒಳಗನ್ನು ಒರೆಸಿ ಇಟ್ಟಿದ್ದಾಳೆ.

ತಮ್ಮ ಗುಂಯ್‌ಕಾರದಲ್ಲೇ ಒಪ್ಪಿಗೆಯನ್ನು ಕೇಳಿಸಿಕೊಳ್ಳುವ,
ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ಬೆತ್ತದ ಕುರ್ಚಿಯವನು

ಮರೆತ ಮಾತು: ತಾವು ಕೆಟ್ಟದ್ದು ತಮ್ಮ ತಪ್ಪಿನಿಂದಲ್ಲವೆಂದು ರಿಪೇರಿಯವರು ಪತ್ತೆ ಮಾಡಿದರು. ಮುಚ್ಚಳದ ರಬ್ಬರಿನ ನಡುವೆ ಏನೋ ಸಿಕ್ಕಿಕೊಂಡು, ಅದು ಸರಿಯಾಗಿ ಮುಚ್ಚದೆ, ತಾವು ದಿನಗಟ್ಟಲೆ ಏದುಸಿರು ಬಿಟ್ಟು ಸೋತಿರಂತೆ. ಸಿಕ್ಕಿಕೊಂಡದ್ದನ್ನು ಅವರು ಮೇಜಿನ ಮೇಲಿಟ್ಟರು. ಅದು ಹಿಡಿ ಬಾಗಿದ ಒಂದು ಪುಟ್ಟ ಚಮಚ, ಅದರ ತುದಿಯಲ್ಲಿ ಒಣಗಿದ ಪುಡಿಂಗು. ಅಂಥ ಚಮಚವನ್ನು ತಾನು ಹುಟ್ಟಿದ ಮೇಲೆ ಕಂಡೇ ಇಲ್ಲವೆಂದು ನನ್ನ ಹೆಂಡತಿ ಹೇಳಿದಳು; ನಾವೂ ಕಂಡಿಲ್ಲವೆಂದು ಒಬ್ಬೊಬ್ಬರಾಗಿ ಹೇಳಿದೆವು. ಆಜ್ಞೆಯನ್ನು ಹೊರಡಿಸಿದವರು ಯಾರೋ, ಅದನ್ನು ಮುರಿದವರು ಯಾರೋ, ನಮಗೇಕೆ ಬಿಡಿ. ನನಗೆ ಬೇಸರವಾದದ್ದು ಒಂದಕ್ಕೇ: ಕದ್ದು ತಿನ್ನುವಾಗಲೂ ಪಾಪ, ನಿಂತೇ ತಿಂದಿರಬೇಕು. ಆದ್ದರಿಂದ ನನ್ನ ಬೆತ್ತದ ಕುರ್ಚಿಯನ್ನು ಮೆಟ್ಟಿಲ ಕೆಳಗಿನಿಂದ ತಂದು ತಮ್ಮ ಪಕ್ಕದಲ್ಲೇ ಇಟ್ಟಿದ್ದೇನೆ. ಯಾರು ಬಂದು ಕೂತರೂ ತಾವು ಗುಂಯ್ ಎನ್ನುವುದನ್ನು ಬಿಟ್ಟು ಬೇರೇನೂ ಹೇಳಬಾರದು.