ಹೊಗಿಗೂ ಒಂದು ನೋಟೀಸು

ಒಲಿ ಮುಂದ ಕುಂತಾಕಿ ನಗಿ ಹುಡುಕ್ಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದ ಬಾಗಲಕ ಬರ್ತೈತಿ. ಗದಗ ಹೊಸದಾಗಿ ಜಿಲ್ಲಾ ಆದ ಕಾಲ. ಕಚೇರಿ ಹೆಚ್ಚಾದುವು, ಕಚೇರಿ ಹಿಂದ ಕಾಗದ ಹೆಚ್ಚಾದುವು. ನಾನು ಬೆಟಗೇರಿ ಓಣಿಯೊಳಗ ಜೋಳದ ರೊಟ್ಟಿ ಬಡದು ಮಾರಾಕಿ. ಮನಿಯಾಗ ನಾನು, ನನ್ನ ಸೊಸಿ, ಮತ್ತ ನಮ್ಮಿಬ್ಬರನ್ನೂ ಸಾಕೂ ಕಟ್ಟಿಗಿ ಒಲಿ.

೧. ಸಾಹೇಬರ ಕಣ್ಣೀರು

ಒಂದಿನ ಮುಂಜಾನಿ ಕಚೇರಿ ಸಾಹೇಬರು ಕಾಗದ ಹಿಡಕೊಂಡು ಸೀದಾ ಅಡಗಿಮನಿಗೇ ಬಂದ್ರು. ಮಗ್ಗಲ ಮನಿ ಮಾಸ್ತರ ಹೆಂಡ್ತಿ ತಕರಾರು ಕೊಟ್ಟಿದ್ಲಂತ. ಮಾಸ್ತರ ಬಿಳಿ ಅಂಗಿ ಒಣಗ ಹಾಕಿದ್ರ ನಮ್ಮ ಒಲಿ ಹೊಗಿ ವಾಸನಿ ಹೊಡೀತೈತಂತ. ಸುಳ್ಳೇನಲ್ಲ. ಆ ಅಂಗಿ ನಾನೂ ಮೂಸಿ ನೋಡಿದ್ದೆ.

ನನಗ ಓದಾಕ ಬರಂಗಿಲ್ಲ. ಸಾಹೇಬರೇ ಓದಿ ಹೇಳಿದ್ರು: "ಎಂಟು ದಿನದಾಗ ಹೊಗಿ ಹೆಂಚಿನ ಮ್ಯಾಲ ಹೋಗೂವಂಗ ಕೊಳವಿ ಹಾಕಸಬೇಕು. ಇಲ್ಲಂದ್ರ ಒಲಿ ಬಂದ್."

ಒಲಿ ಬಂದ್ ಆದ್ರ ರೊಟ್ಟಿ ಬಂದ್, ರೊಟ್ಟಿ ಬಂದ್ ಆದ್ರ ನಾವಿಬ್ಬರೂ ಏನ್ ತಿನ್ನೂದು? ತಲಿ ಎತ್ತಿ ನೋಡ್ತೀನಿ, ಸಾಹೇಬರ ಕಣ್ಣಾಗಿಂದ ನೀರು ದಳದಳ ಇಳ್ಯಾಕತ್ತಾವು. ಹಸಿ ಜಾಲಿ ಕಟ್ಟಿಗಿ ಹೊಗಿ ಅದು. ಎದ್ದು ಹೋಗಿ ಬೆನ್ನು ಸವರಿ ಅಂದೆ:

"ಅಳಬ್ಯಾಡೋ ಯಪ್ಪಾ, ಕೊಳವಿ ಹಾಕಸ್ತೀನಿ."

೨. ಒಲಿ ಮೂಗು

ಶಿಗ್ಲಿಯಿಂದ ಗೌಂಡಿ ಬಂದು ಹೊಸಾ ಒಲಿ ಕಟ್ಟಿದ. ಮುಂದ ರೊಟ್ಟಿ ಹಂಚಿಗೊಂದು ಬಾಯಿ, ಹಿಂದ ಗಡಿಗಿಗೊಂದು ಬಾಯಿ, ಅದರ ಹಿಂದ ಗ್ವಾಡಿಗುಂಟ ಕೊಳವಿ. "ಎರಡು ದಿನ ಒಣಗಲಿ" ಅಂತ ಹೇಳಿ ಹೋದ.

ಸೆಗಣಿಲೆ ಸಾರಿಸಿ, ಕುಂಕುಮ ಏರಿಸದೇ ಹೊಸಾ ಒಲಿಗೆ ಬೆಂಕಿ ಹಚ್ಚೂ ಮಂದಿ ಅಲ್ಲ ನಾವು. ಸಾರಸ್ತಾ ನೋಡಿದ್ರ ಹಿಂದಿನ ಬಾಯಿ ಒಳಗ, ಕೊಳವಿ ಕಡೆ, ಮುಷ್ಟಿ ಹಿಡಿಸೂವಷ್ಟು ತೂತು! ಪಾಪ, ಗೌಂಡಿ ಮುಚ್ಚೂದು ಮರತಾನ ಅಂತ ನಾನ ಮಣ್ಣು ಮೆತ್ತಿ ನುಣ್ಣಗ ಮಾಡಿದೆ.

ಬೆಂಕಿ ಹಚ್ಚಿದ್ವಿ. ಕೊಳವಿಗೆ ಒಂದೆಳಿ ಹೊಗಿ ಇಲ್ಲ, ಎಲ್ಲಾ ನಮ್ಮ ಮಾರಿಗೇ. ಗೌಂಡಿನ್ನ ಕರಿಸಿ ಬೈದೆ. ಆತ ಹಿಂದಿನ ಬಾಯಾಗ ಇಣಿಕಿ ಹಣಿ ಬಡಕೊಂಡ:

"ಅಮ್ಮಾ, ನೀವು ಮುಚ್ಚಿದ್ದು ಒಲಿ ಮೂಗ್ರಿ. ಮೂಗು ಹಿಡದ್ರ ಅದು ಬಾಯಿಲೆ ಉಸುರು ಬಿಡದ ಏನ್ ಮಾಡೀತು?"

೩. ಗೆಳತಿ ತಂದ ಬುತ್ತಿ

ಮೂಗು ಬಿಚ್ಚಿದ ಮ್ಯಾಲ ಒಣಾ ಹತ್ತಿಕಟ್ಟಿಗಿ ಹಾಕಿದ್ವಿ. ಹೊರಗ ನಿಂತು ನೋಡಿದ್ರ ಹೊಗಿ ಐತೋ ಇಲ್ಲೋ ಅನ್ನೂವಂಗ. ನಮ್ಮ ಕಡೆ ಒಲಿ ಹತ್ತದ ಮನಿ ಅಂದ್ರ ಸಾವಾದ ಮನಿ; ಓಣಿಯವರು ಬುತ್ತಿ ಒಯ್ಯೂದು ಪದ್ಧತಿ. ಎದುರು ಮನಿ ಮುದುಕಿ, ನನ್ನ ಸಣ್ಣಂದಿನ ಗೆಳತಿ, ನಮ್ಮ ಹೆಂಚಿನ ಮ್ಯಾಲ ಹೊಗಿ ಕಾಣದ್ದಕ್ಕ ಬುತ್ತಿ ಕಟ್ಕೊಂಡು ಅಳಕೋಂತ ಬಂದ್ಲು. ನಾ ರೊಟ್ಟಿ ಬಡಿಯಾಕತ್ತಿದ್ದೆ.

"ಯವ್ವಾ! ಇದ್ದೀಯೇನ?"

"ಇದ್ದೀನಿ. ಬುತ್ತಿಯಾಗ ಏನೈತಿ?"

"ಪುಂಡಿಪಲ್ಯ."

"ಇಟ್ಟು ಹೋಗು. ಸತ್ತೀನಂತನ ತಿಳಕೋ."

೪. ಎಂಟನೇ ದಿನ

ಹೇಳಿದ ದಿನಕ್ಕ ಸಾಹೇಬರು ಬಂದ್ರು. ಹೊರಗ ನಿಂತು ಕೊಳವಿ ನೋಡಿದ್ರು. "ಚಲೋ ಆಗೈತಿ. ಆದ್ರ ಆಯಿ, ಹೊಗಿ ತ್ರಾಸ ಇಲ್ಲಂತ ತಕರಾರು ಕೊಟ್ಟವರ ಸಹಿ ಬೇಕು. ಅವರು ಒಲ್ಲೆ ಅಂದ್ರ ಒಲಿ ಕೆಡವೂದ. ಎಲ್ಲಿ ಅದಾರ ಅವರು?"

"ಒಳಗ ಅದಾರ್ರಿ," ಅಂದೆ.

ಖರೇನ ಮಾಸ್ತರ ಹೆಂಡ್ತಿ ನಮ್ಮ ಅಡಗಿಮನಿಯಾಗ ಇದ್ಲು. ಅವತ್ತು ಮಾಸ್ತರ ಮನಿಗೆ ಬೀಗರು ಬಂದು ಕುಂತಿದ್ರು, ಗ್ಯಾಸು ತೀರಿತ್ತು. ಪಾಪ, ಕೇಳಾಕ ನಾಚಿ, ತೊಗರಿ ಬ್ಯಾಳಿ ಗಡಿಗಿ ಹಿಡಕೊಂಡು ನಮ್ಮ ಹೊಸ್ತಿಲದಾಗ ನಿಂತಿದ್ಲು. "ಬಾರವಾ" ಅಂತ ನಾನ ಕೈ ಹಿಡದು ಒಲಿ ಮುಂದ ಕುಂಡ್ರಿಸಿದ್ದೆ. ಆದ್ರೂ ಬ್ಯಾಳಿ ಬೆಂದ ಮ್ಯಾಲ ಏನಂತಾಳೋ ಅಂತ ಆಕಿ ಮಾರಿನ ನೋಡಕೋಂತ ನಿಂತೆ.

ಸಾಹೇಬರು ಬಾಗಲದಾಗ ನಿಂತು ಕೇಳಿದ್ರು, "ಬಾಯಾರ, ಹೊಗಿ ತ್ರಾಸ ಐತೇನ್ರಿ? ಐತಿ ಅನ್ರಿ, ಈಗ ಕೆಡವಸ್ತೀನಿ."

ಆಕಿ ಎರಡೂ ಕೈ ಚಾಚಿ ಒಲಿಗೆ ಅಡ್ಡ ಬಂದ್ಲು. ಮೂಗಿನ ಮ್ಯಾಲ ಬೂದಿ. "ಅಯ್ಯ, ಕೆಡವಬ್ಯಾಡ್ರಿ! ಬ್ಯಾಳಿ ಇನ್ನೂ ಬೆಂದಿಲ್ಲ! ಎಲ್ಲಿ ಮಾಡೂದ್ರಿ ಸಹಿ?"

ಸಾಹೇಬರ ಕೈಯಾಗಿನ ಪೆನ್ನು ಕಸಗೊಂಡು, ತನ್ನ ಕೈಯಾಗಿನ ಊದುಗೊಳವಿ ಅವರಿಗೆ ಕೊಟ್ಲು:

"ನಾ ಸಹಿ ಮಾಡೂತನಕ ನೀವು ಸ್ವಲ್ಪ ಊದ್ರಿ. ಬೆಂಕಿ ಆರಬಾರ್ದು."

ಸಾಹೇಬರು ಕುಂತು ಊದಿದ್ರು.